ಗೋಡೆಯ ಮೇಲಿನ ಅಮೃತಶಿಲೆ: ಅನುಕರಣ ಲೇಪನದ ಕಲೆಗೆ ವಿಜಯಪುರದ ಪಾಠ

ಗೋಡೆಗೆ ಬಣ್ಣ ಬಳಿಯುವುದಕ್ಕೆ ಸಾಮಾನ್ಯವಾಗಿ ಎರಡು ಉದ್ದೇಶಗಳಿರುತ್ತವೆ: ಗಿಲಾವನ್ನು ತೇವ, ಧೂಳು ಮತ್ತು ಸವೆತದಿಂದ ಕಾಪಾಡುವುದು ಒಂದು, ಕೋಣೆಗೆ ಬೆಳಕು ತುಂಬುವುದು ಇನ್ನೊಂದು. ಇವೆರಡನ್ನೂ ದಾಟಿ, ಇಟ್ಟಿಗೆ ಮತ್ತು ಸಿಮೆಂಟಿನ ಗೋಡೆಯೊಂದು ಅಮೃತಶಿಲೆಯಂತೆಯೋ, ಸಾಗವಾನಿ ಹಲಗೆಯಂತೆಯೋ, ನೇಯ್ದ ರೇಷ್ಮೆಯಂತೆಯೋ, ನೂರು ವರ್ಷ ಮಾಗಿದ ಹಳೆಯ ಸುಣ್ಣದಂತೆಯೋ ಕಾಣುವ ಹಾಗೆ ಬಣ್ಣವನ್ನು ಪದರ ಪದರವಾಗಿ ಕೂರಿಸುವ ಕೌಶಲವೊಂದು ಜಗತ್ತಿನ ಹಲವು ನಾಡುಗಳಲ್ಲಿ ಶತಮಾನಗಳಿಂದ ಬೆಳೆದುಬಂದಿದೆ. ಹುಸಿ ಎಂಬ ಅರ್ಥದ ‘ಫೋ’ ಎಂಬ ಫ್ರೆಂಚ್ ಪದದಿಂದಾಗಿ ಇದಕ್ಕೆ ‘ಫೋ ಫಿನಿಶ್’ ಎಂಬ ಹೆಸರು ಬಂದಿದ್ದು, ಕನ್ನಡದಲ್ಲಿ ಇದನ್ನು ಅನುಕರಣ ಲೇಪನ ಎಂದು ಕರೆಯುವುದು ಸೂಕ್ತವಾಗಿದೆ. ನಮ್ಮ ಬಣ್ಣದ ಅಂಗಡಿಗಳಲ್ಲಿ ‘ಟೆಕ್ಸ್ಚರ್’ ಎಂದೋ, ‘ಡಿಸೈನ್ ಗೋಡೆ’ ಎಂದೋ, ಏಷ್ಯನ್ ಪೇಂಟ್ಸ್ ಸಂಸ್ಥೆಯ ತಯಾರಿಕೆಯ ಹೆಸರನ್ನೇ ಹಿಡಿದು ‘ರಾಯಲ್ ಪ್ಲೇ’ ಎಂದೋ ಜನ ಕೇಳುವುದು ಬಹುಮಟ್ಟಿಗೆ ಇದನ್ನೇ.

ವಿಜಯಪುರ ನಗರದ ಹೊಸ ಬಡಾವಣೆಗಳಲ್ಲಿಯೂ, ದ್ರಾಕ್ಷಿ ತೋಟಗಳಿಗೆ ಹೆಸರಾದ ತಿಕೋಟಾ ಸೀಮೆಯಲ್ಲಿಯೂ, ಬಬಲೇಶ್ವರ, ಜೈನಾಪುರದಂಥ ಊರುಗಳಲ್ಲಿಯೂ ಹೊಸ ಮನೆ ಕಟ್ಟಿಸುವವರು ಪಡಸಾಲೆಯ ಒಂದು ಗೋಡೆಯನ್ನಾದರೂ ಹೀಗೆ ಅಲಂಕರಿಸಬೇಕೆಂದು ಬಯಸುವುದು ಸಹಜ. ಆದರೆ ಇದು ದೂರದ ನಗರಗಳಿಂದ ಇತ್ತೀಚೆಗೆ ಬಂದಿಳಿದ ಶೋಕಿ ಎಂಬ ಭಾವನೆ ಸರಿಯಲ್ಲ. ಒಂದು ವಸ್ತುವಿನಲ್ಲಿ ಇನ್ನೊಂದು ವಸ್ತುವನ್ನು ತೋರಿಸುವ ವಿದ್ಯೆಯ ಅತ್ಯುತ್ತಮ ಮಾದರಿಗಳಲ್ಲಿ ಕೆಲವು ಇದೇ ನೆಲದಲ್ಲಿ, ಆದಿಲಶಾಹಿ ಅರಸರ ಕಾಲದ ಕಟ್ಟಡಗಳಲ್ಲಿ, ಸುಮಾರು 400 ವರ್ಷಗಳಿಂದ ನಿಂತಿವೆ. ಅವುಗಳನ್ನು ಗಮನವಿಟ್ಟು ನೋಡಿದವರಿಗೆ ಅನುಕರಣೆ ಯಾವಾಗ ಕಲೆಯಾಗುತ್ತದೆ, ಯಾವಾಗ ಬರಿಯ ಮರೆಮಾಚುವಿಕೆಯಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ದೊರೆಯುತ್ತದೆ.

ಚಿನ್ನದ ಗೂಡು, ಚಿತ್ರದ ಪುಸ್ತಕ

ವಿಜಯಪುರದ ಜಾಮಿ ಮಸೀದಿಯು 1558ರಿಂದ 1580ರವರೆಗೆ ಆಳಿದ ಒಂದನೆಯ ಅಲಿ ಆದಿಲಶಹನ ಕಾಲದ ಕಟ್ಟಡ. ಅದರ ಒಳಭಾಗದ ಗೋಡೆಗಳೂ ಕಮಾನುಗಳೂ ಬಹುಪಾಲು ಅಲಂಕಾರವಿಲ್ಲದ ಬಿಳಿಯ ಗಾರೆಯಿಂದ ಶಾಂತವಾಗಿದ್ದು, ಆ ಬಿಳುಪಿನ ನಡುವೆ ಪಶ್ಚಿಮದ ಗೋಡೆಯಲ್ಲಿರುವ ಮಿಹ್ರಾಬ್, ಅಂದರೆ ಪ್ರಾರ್ಥನೆಯ ದಿಕ್ಕನ್ನು ಸೂಚಿಸುವ ಕಮಾನಿನ ಗೂಡು, ಚಿನ್ನ ಮತ್ತು ಬಣ್ಣಗಳಿಂದ ಒಮ್ಮೆಲೇ ಕಣ್ಣು ತುಂಬುತ್ತದೆ. ಈ ಅಲಂಕಾರ ಮಸೀದಿಯ ಜೊತೆಗೇ ಆದದ್ದಲ್ಲ. ಮುಹಮ್ಮದ್ ಆದಿಲಶಹನ ಆಳ್ವಿಕೆಯಲ್ಲಿ, 1636ರ ಸುಮಾರಿಗೆ, ಮಲಿಕ್ ಯಾಕೂತ್ ಎಂಬುವನ ಮೇಲ್ವಿಚಾರಣೆಯಲ್ಲಿ ಇದು ನಡೆಯಿತೆಂದು ಅಲ್ಲಿನ ಬರಹದಿಂದಲೇ ತಿಳಿಯುತ್ತದೆ.

ಈ ಮಿಹ್ರಾಬಿನ ಹತ್ತಿರದ ನೋಟ ಅನುಕರಣ ಕಲೆಯ ಒಂದು ಸಂಪೂರ್ಣ ಪಾಠದಂತಿದೆ. ಕಮಾನಿನ ಸುತ್ತಲಿನ ಗೋಡೆಯಲ್ಲಿ ಸಣ್ಣ ಸಣ್ಣ ಗೂಡುಗಳಿರುವಂತೆ ಕಾಣುತ್ತದೆ. ಒಂದರಲ್ಲಿ ಪುಸ್ತಕಗಳನ್ನು ಜೋಡಿಸಿಟ್ಟಂತೆ, ಇನ್ನೊಂದರಲ್ಲಿ ಹೂಗೊಂಚಲಿನ ಹೂಜಿ ಇಟ್ಟಂತೆ, ಮತ್ತೊಂದರಲ್ಲಿ ಧೂಪದಾನಿ ಇಟ್ಟಂತೆ, ಮೇಲಿನಿಂದ ಸರಪಳಿಯಲ್ಲಿ ದೀಪ ತೂಗಿಬಿಟ್ಟಂತೆ ತೋರುತ್ತದೆ. ಆದರೆ ಅಲ್ಲಿ ಕೈ ಹಾಕಬಹುದಾದ ಗೂಡಾಗಲಿ, ತೆಗೆದು ಓದಬಹುದಾದ ಪುಸ್ತಕವಾಗಲಿ ಇಲ್ಲ. ತುಸುವೇ ಉಬ್ಬಿದ ಮೇಲ್ಮೈ, ಅದರ ಮೇಲಿನ ಬಣ್ಣ ಮತ್ತು ಚಿನ್ನದ ಲೇಪ, ಬೆಳಕು ಎಲ್ಲಿ ಬೀಳಬೇಕು, ನೆರಳು ಎಲ್ಲಿ ನಿಲ್ಲಬೇಕು ಎಂಬುದರ ಖಚಿತ ಅರಿವು, ಇವಿಷ್ಟರಿಂದಲೇ ಆಳವಿಲ್ಲದ ಕಡೆ ಆಳವನ್ನು ಕಾಣಿಸಲಾಗಿದೆ. ಸಮತಟ್ಟಾದ ಮೇಲ್ಮೈಯಲ್ಲಿ ಆಳವಿರುವ ವಸ್ತುಗಳನ್ನು ಕಣ್ಣು ನಂಬುವಂತೆ ಚಿತ್ರಿಸುವ ಈ ಬಗೆಗೆ ಯುರೋಪಿನಲ್ಲಿ ‘ತ್ರೋಂಪ್ ಲಾಯ್’, ಅಂದರೆ ಕಣ್ಣನ್ನು ಮರುಳುಗೊಳಿಸುವುದು, ಎಂಬ ಹೆಸರಿದೆ. ಅನುಕರಣ ಲೇಪನದ ಅತ್ಯಂತ ಕಠಿಣ ಶಾಖೆ ಇದು.

ಅದೇ ಮಸೀದಿಯ ನೆಲದಲ್ಲಿಯೂ ಅನುಕರಣೆಯ ಇನ್ನೊಂದು, ಬಹು ಸರಳವಾದ, ರೂಪವಿದೆ. ನಯಗೊಳಿಸಿದ ಗಚ್ಚಿನ ನೆಲದ ಮೇಲೆ ಕಪ್ಪು ಗೆರೆಗಳಿಂದ ಎರಡು ಸಾವಿರಕ್ಕೂ ಹೆಚ್ಚು ಚೌಕಟ್ಟುಗಳನ್ನು ಎಳೆಯಲಾಗಿದ್ದು, ಅವು ಒಬ್ಬೊಬ್ಬರು ಕುಳಿತು ಪ್ರಾರ್ಥಿಸುವ ಚಾಪೆಯ ಆಕಾರವನ್ನು ನೆಲದಲ್ಲಿಯೇ ಮೂಡಿಸುತ್ತವೆ. ಗೋಡೆಯ ಮೇಲಿನ ಚಿನ್ನದ ಪುಸ್ತಕಕ್ಕೂ ನೆಲದ ಮೇಲಿನ ಕಪ್ಪು ಗೆರೆಯ ಚಾಪೆಗೂ ವೈಭವದಲ್ಲಿ ಅಂತರವಿದ್ದರೂ, ಇಲ್ಲದ ವಸ್ತುವನ್ನು ಅದರ ಗುರುತಿನ ರೇಖೆಯಿಂದ ಇರುವಂತೆ ಮಾಡುವ ತತ್ತ್ವ ಎರಡರಲ್ಲಿಯೂ ಒಂದೇ.

ಇದೇ ನಗರದ ಮೆಹತರ್ ಮಹಲ್ ಇನ್ನೊಂದು ದಿಕ್ಕಿನಿಂದ ಇದೇ ಮಾತನ್ನು ಹೇಳುತ್ತದೆ. ಹೆಸರು ಮಹಲ್ ಎಂದಿದ್ದರೂ ನಿಜದಲ್ಲಿ ಇದೊಂದು ಮಸೀದಿಯ ಹೆಬ್ಬಾಗಿಲು. ಅದರ ಹೊರಚಾಚಿದ ಗವಾಕ್ಷಿಗಳನ್ನು ಹೊತ್ತ ಆಧಾರದ ಪಟ್ಟಿಗಳನ್ನು ಎಷ್ಟು ತೆಳುವಾಗಿ, ಎಷ್ಟು ನವುರಾಗಿ ಕೆತ್ತಲಾಗಿದೆಯೆಂದರೆ, ಅವು ಕಲ್ಲಿನವು ಎಂಬುದನ್ನು ಮರೆತು ನೋಡುಗರು ಮರದ ಕುಸುರಿಯನ್ನೇ ಕಾಣುತ್ತಾರೆ. ಬಡಗಿಯ ಕೈಚಳಕವನ್ನು ಕಲ್ಲುಕುಟಿಗ ಕಲ್ಲಿಗೆ ತಂದ ಈ ಕೆಲಸದಲ್ಲಿ ಬಣ್ಣವಿಲ್ಲ, ಆದರೆ ಅನುಕರಣೆಯ ಪ್ರಾಣವಾದ ಸೂಕ್ಷ್ಮ ನೋಟ ಪೂರ್ಣವಾಗಿದೆ. ಸುಮಾರು 1646ರಲ್ಲಿ ಕಟ್ಟಿಸಿದ ಅಸರ್ ಮಹಲಿನ ಮೇಲಂತಸ್ತಿನ ಕೋಣೆಗಳ ಗೋಡೆಗಳಲ್ಲಿ ಹೂವು, ಎಲೆ ಮತ್ತು ಹೂಜಿಗಳ ವರ್ಣಚಿತ್ರಗಳು ಉಳಿದಿದ್ದು, ವಿಜಯಪುರದ ಪೂರ್ವಕ್ಕಿರುವ ಕುಮಟಗಿಯ ಜಲಮಂಟಪಗಳಲ್ಲಿಯೂ ಗಾರೆಯ ಮೇಲಿನ ಚಿತ್ರಗಳು ಮಸುಕಾಗಿ ಕಾಣುತ್ತವೆ. ಗೋಡೆಯನ್ನು ಬರಿದಾಗಿ ಬಿಡದೆ ಅದಕ್ಕೊಂದು ಎರಡನೆಯ ಬಾಳು ಕೊಡುವ ಅಭಿರುಚಿ ಈ ಸೀಮೆಯಲ್ಲಿ ಎಷ್ಟು ಆಳವಾಗಿತ್ತು ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಅರಸರ ಮಹಲುಗಳ ಮಾತು ಹೀಗಿದ್ದರೆ, ಸಾಮಾನ್ಯರ ಮನೆಗಳಲ್ಲಿಯೂ ಗೋಡೆಯ ಅಲಂಕಾರಕ್ಕೆ ತನ್ನದೇ ಕ್ರಮವಿತ್ತು. ಹಬ್ಬ ಬಂದರೆ ಗೋಡೆಗೆ ನೀಲಿ ಬೆರೆಸಿದ ಸುಣ್ಣ ಬಳಿದು, ಅಡಿಯಲ್ಲಿ ಹುರುಮಂಜಿನ, ಅಂದರೆ ಕಬ್ಬಿಣದ ಅಂಶವಿರುವ ಕೆಂಪುಮಣ್ಣಿನ, ಪಟ್ಟಿ ಎಳೆಯುವ ಸಾರಣೆ ಕಾರಣೆಯ ರೂಢಿಯಲ್ಲಿ ಆ ಕೆಂಪು ಪಟ್ಟಿ ಗೋಡೆಯ ಬುಡಕ್ಕೆ ಬೇರೆಯದೇ ಭಾರ ಮತ್ತು ಗಟ್ಟಿತನವನ್ನು ಕಣ್ಣಿಗೆ ಕೊಡುತ್ತಿತ್ತು. ಕರಾವಳಿಯ ಉತ್ತರ ಕನ್ನಡದ ದೇವಾಲಯಗಳಲ್ಲಿ ಬಿಳಿಯ ಗಾರೆಯ ಮೇಲೆ ಕೆಂಪು ಪದರವನ್ನು ಕೂರಿಸಿ, ಅದು ಹಸಿಯಾಗಿರುವಾಗಲೇ ಕೆರೆದು ಚಿತ್ರ ತೆಗೆಯುವ ಕಾವಿ ಕಲೆ ಬೆಳೆದದ್ದೂ ಇದೇ ಎರಡು ಬಣ್ಣಗಳ ಬಲದಿಂದ.

ಹೊರನಾಡಿನ ಹಾದಿ

ಯುರೋಪಿನಲ್ಲಿ ಈ ಕಲೆಯ ಹಳೆಯ ಸುಳಿವುಗಳು ಇಟಲಿಯ ಪೊಂಪೇ ನಗರದಲ್ಲಿ ದೊರೆತಿವೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಆ ನಗರದ ಹಳೆಯ ಮನೆಗಳಲ್ಲಿ, ಕ್ರಿ.ಪೂ. ಎರಡನೆಯ ಶತಮಾನದಷ್ಟು ಹಿಂದಿನ ಗೋಡೆಗಳನ್ನು ಗಾರೆಯಲ್ಲಿ ಕಲ್ಲಿನ ದಿಮ್ಮಿಗಳ ಆಕಾರಕ್ಕೆ ಉಬ್ಬಿಸಿ, ಬಗೆಬಗೆಯ ಬಣ್ಣದ ಅಮೃತಶಿಲೆಯಂತೆ ಚಿತ್ರಿಸಿದ್ದು ಕಂಡುಬರುತ್ತದೆ. ದೂರದ ಗಣಿಗಳಿಂದ ಕಲ್ಲು ತರಿಸಲಾರದ ಮನೆಯವರೂ ಕಲ್ಲಿನ ಸೊಗಸನ್ನು ಬಯಸಿದರು, ಆ ಬಯಕೆಯನ್ನು ಕುಶಲಕರ್ಮಿಗಳು ಗಾರೆ ಮತ್ತು ಬಣ್ಣಗಳಿಂದ ಪೂರೈಸಿದರು. ಮುಂದೆ ಇಟಲಿಯಲ್ಲಿಯೇ ಜಿಪ್ಸಮ್, ಅಂಟು ಮತ್ತು ಬಣ್ಣಗಳನ್ನು ಕಲಸಿ, ಉಜ್ಜಿ ಹೊಳಪು ಕೊಟ್ಟು ಅಮೃತಶಿಲೆಯನ್ನು ಹೋಲುವ ಕಂಬಗಳನ್ನೂ ಮೇಜಿನ ಹಾಸುಗಳನ್ನೂ ತಯಾರಿಸುವ ಸ್ಕಾಲಿಯೋಲಾ ಎಂಬ ವಿಧಾನ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಗ್ಗದ ಮರದ ಬಾಗಿಲುಗಳಿಗೆ ಓಕ್ ಅಥವಾ ಮಹಾಗನಿಯ ಎಳೆಗಳನ್ನು ಬಣ್ಣದಲ್ಲಿ ಮೂಡಿಸುವುದು ಮನೆಮನೆಯ ರೂಢಿಯಾಗಿ, ಆ ಕಸುಬಿನ ಪ್ರಸಿದ್ಧ ಕುಶಲಿ ಥಾಮಸ್ ಕರ್ಷಾ ಎಂಬಾತನ ಕೆಲಸ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಹುಮಾನ ಪಡೆಯಿತು. ಅವನು ಬಣ್ಣದಲ್ಲಿ ಮಾಡಿದ ಮರ ಮತ್ತು ಕಲ್ಲಿನ ಮಾದರಿಗಳು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿವೆ. ಬಣ್ಣಗಾರನ ಕೈಕೆಲಸ ಸಂಗ್ರಹಾಲಯದ ಮಾನ್ಯತೆ ಪಡೆಯಬಲ್ಲದು ಎಂಬುದು ನೆನಪಿಡಬೇಕಾದ ಸಂಗತಿ. ಕರ್ನಾಟಕದಲ್ಲಿಯೇ, 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದವಾದರೂ, ಬಣ್ಣದ ಹೊದಿಕೆಯಿಂದಾಗಿ ಅವುಗಳ ಲೋಹದ ಒರಟುತನ ನೋಡುಗರ ಗಮನಕ್ಕೇ ಬರುವುದಿಲ್ಲ.

ಗ್ಲೇಜ್ ಎಂಬ ತೆಳು ಪರದೆ

ಇಂದಿನ ಅನುಕರಣ ಲೇಪನದ ಜೀವಾಳ ಗ್ಲೇಜ್. ಸಾಧಾರಣ ಬಣ್ಣದಲ್ಲಿ ವರ್ಣದ್ರವ್ಯ, ಅಂದರೆ ಬಣ್ಣ ಕೊಡುವ ಪುಡಿ, ದಟ್ಟವಾಗಿರುವುದರಿಂದ ಅದು ಕೆಳಗಿನ ಮೇಲ್ಮೈಯನ್ನು ಪೂರ್ತಿ ಮುಚ್ಚುತ್ತದೆ. ಗ್ಲೇಜ್ ಇದಕ್ಕೆ ವಿರುದ್ಧವಾದ ಗುಣದ್ದು. ಅದು ಬಹುತೇಕ ಪಾರದರ್ಶಕವಾದ ದ್ರವವಾಗಿದ್ದು, ಅದಕ್ಕೆ ಸ್ವಲ್ಪವೇ ಬಣ್ಣ ಬೆರೆಸಿದಾಗ ಕೆಳಗಿನ ಬಣ್ಣವನ್ನು ಮುಚ್ಚದೆ ಅದರ ಮೇಲೆ ತೆಳುವಾದ ಪರದೆಯಂತೆ ಹರಡಿಕೊಳ್ಳುತ್ತದೆ. ಕಿಟಕಿಯಿಂದ ಬಂದ ಬೆಳಕು ಈ ಪರದೆಯನ್ನು ಹಾಯ್ದು ತಳದ ಬಣ್ಣವನ್ನು ಮುಟ್ಟಿ, ಅಲ್ಲಿಂದ ಮರಳಿ ಇನ್ನೊಮ್ಮೆ ಪರದೆಯನ್ನು ದಾಟಿ ಕಣ್ಣಿಗೆ ಬರುವುದರಿಂದ, ಎರಡು ಬಣ್ಣಗಳು ಡಬ್ಬಿಯಲ್ಲಿ ಬೆರೆತಂತಲ್ಲದೆ ಗೋಡೆಯ ಮೇಲೆಯೇ ಬೆರೆತಂತಾಗಿ ಗೋಡೆಗೆ ಆಳ ಬಂದಂತೆ ತೋರುತ್ತದೆ. ಅಮೃತಶಿಲೆಯ ಸೊಗಸಿಗೂ ಕಾರಣ ಇದೇ. ಬೆಳಕು ಆ ಕಲ್ಲಿನ ಮೇಲ್ಮೈಯಿಂದಲೇ ಹಿಂದಿರುಗದೆ ತುಸು ಒಳಹೊಕ್ಕು ಹೊರಬರುತ್ತದೆ. ಆದ್ದರಿಂದ ಕಲ್ಲನ್ನು ಅನುಕರಿಸುವ ಕೆಲಸಕ್ಕೆ ಗ್ಲೇಜ್ ಹೇಳಿ ಮಾಡಿಸಿದ ಸಾಧನ.

ಹಿಂದಿನ ಕಾಲದ ಗ್ಲೇಜನ್ನು ಅಗಸೆ ಎಣ್ಣೆ, ಟರ್ಪೆಂಟೈನ್ ಮತ್ತು ಬೇಗ ಒಣಗಿಸುವ ದ್ರವ್ಯಗಳನ್ನು ಕೂಡಿಸಿ ತಯಾರಿಸುತ್ತಿದ್ದರು. ಅದು ನಿಧಾನವಾಗಿ ಒಣಗುತ್ತಿದ್ದರಿಂದ ಕೆಲಸಗಾರನಿಗೆ ಬಿಡುವಾದ ಸಮಯ ಸಿಗುತ್ತಿತ್ತಾದರೂ, ಘಾಟು ವಾಸನೆ ಮತ್ತು ವರ್ಷ ಕಳೆದಂತೆ ಹಳದಿಗೆ ತಿರುಗುವ ದೋಷ ಅದಕ್ಕಿತ್ತು. ಈಗ ನೀರಿನಲ್ಲಿ ಕರಗುವ ಅಕ್ರಿಲಿಕ್ ಗ್ಲೇಜ್ ಬಂದಿದೆ. ಒಂದು ಪಾಲು ಎಮಲ್ಷನ್ ಬಣ್ಣಕ್ಕೆ ನಾಲ್ಕು ಪಾಲು ಗ್ಲೇಜ್ ಎಂಬುದು ಬಹಳ ಕಡೆ ರೂಢಿಯಲ್ಲಿರುವ ಅಳತೆಯಾಗಿದ್ದು, ಪರದೆ ಇನ್ನೂ ತೆಳುವಾಗಬೇಕಾದರೆ ಗ್ಲೇಜಿನ ಪಾಲನ್ನು ಹೆಚ್ಚಿಸಲಾಗುತ್ತದೆ. ಇಡೀ ಗೋಡೆಗೆ ಬೇಕಾಗುವಷ್ಟನ್ನು ಒಂದೇ ಸಲ ಕಲಸಿಟ್ಟುಕೊಳ್ಳುವುದು ಅವಶ್ಯಕ. ಅರ್ಧ ಗೋಡೆ ಮುಗಿದ ಮೇಲೆ ಎರಡನೆಯ ಬಾರಿ ಕಲಸಿದ ಬಣ್ಣ ಮೊದಲಿನದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದು ತೀರ ಅಪರೂಪ.

ಎರೆಭೂಮಿಯ ಗೋಡೆಗೆ ಬೇಕಾದ ಸಿದ್ಧತೆ

ಅನುಕರಣ ಲೇಪನದಲ್ಲಿ ಕಣ್ಣಿಗೆ ಬೀಳುವ ಕೆಲಸಕ್ಕಿಂತ ಅದಕ್ಕೆ ಮುಂಚಿನ, ಕಣ್ಣಿಗೆ ಬೀಳದ ಕೆಲಸವೇ ದೊಡ್ಡದು. ವಿಜಯಪುರ ಜಿಲ್ಲೆಯ ಬಹುಭಾಗ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ಪ್ರದೇಶ. ಈ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅಡಿಪಾಯ ಸಾಕಷ್ಟು ಆಳವಿಲ್ಲದಿದ್ದರೆ ಮಣ್ಣಿನ ಈ ಉಸಿರಾಟದೊಂದಿಗೆ ಗೋಡೆಯೂ ಅಲುಗಿ ಬಿರುಕು ಬಿಡುತ್ತದೆ. ಅಮೃತಶಿಲೆಯಂತೆ ಬಣ್ಣ ಹಚ್ಚಿದ ಗೋಡೆಯಲ್ಲಿ ಅಂಕುಡೊಂಕಾದ ಒಂದು ಬಿರುಕು ಓಡಿದರೆ ಸಾಕು, ಅಷ್ಟೂ ಶ್ರಮದ ಗುಟ್ಟು ಬಯಲಾಗುತ್ತದೆ. ಆದ್ದರಿಂದ ಬಿರುಕುಗಳನ್ನು ಕೆರೆದು ಅಗಲಿಸಿ ತುಂಬುವುದು, ಅವು ಮತ್ತೆ ಬಿಡುತ್ತವೆಯೇ ಎಂದು ಒಂದು ಮಳೆಗಾಲ, ಒಂದು ಬೇಸಿಗೆ ಕಾದು ನೋಡುವುದು ಹೊಸ ಮನೆಯವರಿಗೆ ಲಾಭದ ಮಾತು.

ಎರಡನೆಯ ಶತ್ರು ತೇವ ಮತ್ತು ಅದರ ಜೊತೆ ಬರುವ ಉಪ್ಪು. ನೆಲದಿಂದ ಗೋಡೆಯೊಳಗೆ ಏರುವ ನೀರು ಹೊರಮೈಯಲ್ಲಿ ಆರಿಹೋಗುವಾಗ ತನ್ನಲ್ಲಿ ಕರಗಿದ್ದ ಲವಣಗಳನ್ನು ಬಿಳಿಯ ಹುಡಿಯಾಗಿ ಬಿಟ್ಟುಹೋಗುತ್ತದೆ. ಆ ಹುಡಿ ಬಣ್ಣದ ಪದರವನ್ನು ಹಿಂದಿನಿಂದ ಎಬ್ಬಿಸಿ ಹಪ್ಪಳದಂತೆ ಉದುರಿಸುತ್ತದೆ. ಎಂಥ ಬೆಲೆಬಾಳುವ ಬಣ್ಣವೂ ಇದನ್ನು ತಡೆಯಲಾರದು. ನೀರಿನ ಮೂಲವನ್ನು ನಿಲ್ಲಿಸುವುದೊಂದೇ ದಾರಿ. ಹೊಸ ಸಿಮೆಂಟ್ ಗಿಲಾವಾದರೆ ನೀರುಣಿಸಿದ ಬಳಿಕ ಕನಿಷ್ಠ ನಾಲ್ಕು ವಾರ ಒಣಗಲು ಬಿಟ್ಟು, ಆಮೇಲೆ ಎರಡು ಸಲ ತೆಳುವಾಗಿ ಪುಟ್ಟಿ ಎಳೆದು, ಉಪ್ಪುಕಾಗದದಿಂದ ತಿಕ್ಕಿ, ಪ್ರೈಮರ್ ಹಚ್ಚಬೇಕು. ದೀಪವನ್ನು ಗೋಡೆಗೆ ತಾಗಿಸಿದಂತೆ ಪಕ್ಕದಿಂದ ಹಿಡಿದು ನೋಡಿದಾಗ ಉಬ್ಬುತಗ್ಗುಗಳು ನೆರಳಾಗಿ ಎದ್ದು ಕಾಣುತ್ತವೆ. ಆ ನೆರಳುಗಳು ಇಲ್ಲವಾಗುವವರೆಗೆ ತಿಕ್ಕುವ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು.

ಇದರ ಮೇಲೆ ಬರುವುದು ತಳದ ಬಣ್ಣ. ಇದು ತುಸು ಹೊಳಪಿರುವ ಸ್ಯಾಟಿನ್ ಜಾತಿಯ ಬಣ್ಣವಾಗಿರಬೇಕೆಂಬುದು ಅನುಭವಿಗಳ ನಿಯಮ. ಹೊಳಪಿಲ್ಲದ ಸಪ್ಪೆ ಮೇಲ್ಮೈ ಗ್ಲೇಜನ್ನು ತಕ್ಷಣ ಹೀರಿಕೊಂಡು ಕಲೆಗಳನ್ನು ಉಳಿಸುತ್ತದೆ, ತುಂಬ ಹೊಳೆಯುವ ಮೇಲ್ಮೈಯಲ್ಲಿ ಅದು ನಿಲ್ಲದೆ ಜಾರುತ್ತದೆ. ಇವೆರಡರ ನಡುವಿನ ನಯವೇ ಗ್ಲೇಜನ್ನು ಬೇಕಾದಂತೆ ಸರಿಸಾಡಲು ಬಿಡುತ್ತದೆ. ಎರಡು ಕೈ ತಳದ ಬಣ್ಣ ಹಚ್ಚಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟ ಮೇಲೆಯೇ ಅಲಂಕಾರದ ಕೆಲಸ ಆರಂಭವಾಗುತ್ತದೆ.

ಸ್ಪಂಜು, ಬಟ್ಟೆ, ಕುಂಚ

ಗ್ಲೇಜಿನ ಕೆಲಸದಲ್ಲಿ ಎರಡು ದಾರಿಗಳಿವೆ. ಗ್ಲೇಜನ್ನು ಯಾವುದಾದರೂ ಸಾಧನದಿಂದ ಗೋಡೆಗೆ ಮುದ್ರೆಯೊತ್ತುವುದು ಕೂಡಿಸುವ ದಾರಿ. ಮೊದಲು ಗೋಡೆಯ ತುಂಬ ಗ್ಲೇಜ್ ಹಚ್ಚಿ ಅದು ಹಸಿಯಾಗಿರುವಾಗಲೇ ಅಲ್ಲಲ್ಲಿ ಎತ್ತಿ ತೆಗೆಯುವುದು ಕಳೆಯುವ ದಾರಿ. ಹೊಸದಾಗಿ ಕಲಿಯುವವರಿಗೆ ಕೂಡಿಸುವ ದಾರಿ ಸುಲಭವೆನಿಸಿದರೆ, ಮೃದುವಾದ, ಗುರುತು ಕಾಣದ ಪರಿಣಾಮ ದೊರೆಯುವುದು ಕಳೆಯುವ ದಾರಿಯಲ್ಲಿ.

ಸಮುದ್ರದಲ್ಲಿ ಸಿಗುವ ಸಹಜ ಸ್ಪಂಜನ್ನು ನೀರಲ್ಲಿ ನೆನೆಸಿ ಹಿಂಡಿ, ಗ್ಲೇಜಿನಲ್ಲಿ ಅದ್ದಿ, ಹೆಚ್ಚಿನದನ್ನು ಕಾಗದದ ಮೇಲೆ ಒರೆಸಿ ಗೋಡೆಗೆ ಮೆಲ್ಲಗೆ ತಟ್ಟುವುದು ಸ್ಪಂಜಿಂಗ್. ಕಾರ್ಖಾನೆಯ ಸ್ಪಂಜಿನ ಸಮಸಮ ತೂತುಗಳು ಒಂದೇ ಅಚ್ಚನ್ನು ಮತ್ತೆ ಮತ್ತೆ ಒತ್ತುವುದರಿಂದ ಸಹಜ ಸ್ಪಂಜೇ ಮೇಲು, ಅದನ್ನೂ ಪ್ರತಿ ತಟ್ಟಿಗೆ ಕೈಯಲ್ಲಿ ತಿರುಗಿಸುತ್ತಿರಬೇಕು. ಹತ್ತಿಯ ಬಟ್ಟೆಯನ್ನು ಮುದ್ದೆಮಾಡಿ ಹಸಿ ಗ್ಲೇಜನ್ನು ಒತ್ತಿ ತೆಗೆದರೆ ಗೋಡೆಯಲ್ಲಿ ಮಡಿಕೆಬಿದ್ದ ಬಟ್ಟೆಯ ಅಥವಾ ತೊಗಲಿನ ಭಾಸ ಮೂಡುತ್ತದೆ, ಇದು ರ್‍ಯಾಗಿಂಗ್. ಬಿರುಸಾದ ಕೂದಲಿನ ಅಗಲ ಕುಂಚವನ್ನು ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿಗೆ ಎಳೆದಾಗ ನಿಲುವಾದ ಸಣ್ಣ ಗೆರೆಗಳು ಬಿದ್ದು ಗೋಡೆ ರೇಷ್ಮೆ ಹೊದ್ದಂತೆ ಕಾಣುವುದು ಡ್ರ್ಯಾಗಿಂಗ್. ಅದೇ ಗೆರೆಗಳನ್ನು ಅಡ್ಡಡ್ಡಲಾಗಿಯೂ ಎಳೆದರೆ ಹಾಸುಹೊಕ್ಕಿನ ನೇಯ್ಗೆಯೇ ಸಿದ್ಧವಾಗುತ್ತದೆ. ತೆಳುವಾದ ಗ್ಲೇಜನ್ನು ದೊಡ್ಡ ಕುಂಚದಿಂದ ಎಲ್ಲ ದಿಕ್ಕಿಗೂ ಆಡಿಸಿ ಎಲ್ಲಿಯೋ ದಟ್ಟ, ಎಲ್ಲಿಯೋ ವಿರಳವಾಗಿ ಬಿಡುವ ಕಲರ್ ವಾಶ್ ಎಂಬ ವಿಧಾನ ಮಾಸಿದ ಹಳೆಯ ಸುಣ್ಣದ ಗೋಡೆಯ ಹಿತವಾದ ನೋಟವನ್ನು ಕೊಡುತ್ತದೆ. ಉರಿಬಿಸಿಲಿನ ಸೀಮೆಯ ಮನೆಗಳಿಗೆ ಕಣ್ಣು ತಂಪಾಗಿಸುವ ಇದೇ ಹೆಚ್ಚು ಒಪ್ಪುತ್ತದೆ.

ಈ ಎಲ್ಲ ವಿಧಾನಗಳಲ್ಲಿಯೂ ನಿಜವಾದ ಪೈಪೋಟಿ ಇರುವುದು ಒಣಗುವಿಕೆಯೊಂದಿಗೆ. ಅಕ್ರಿಲಿಕ್ ಗ್ಲೇಜ್ ಸಾಮಾನ್ಯ ಹವೆಯಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಹಸಿಯಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಈ ಅವಧಿ ಇನ್ನೂ ಕುಗ್ಗುತ್ತದೆ. ಹಚ್ಚಿದ ಭಾಗದ ಅಂಚು ಒಣಗಿದ ಮೇಲೆ ಪಕ್ಕದ ಭಾಗವನ್ನು ಹಚ್ಚಿದರೆ ಎರಡೂ ಸೇರುವಲ್ಲಿ ಗಾಢವಾದ ಪಟ್ಟಿ ಬೀಳುತ್ತದೆ, ಒಮ್ಮೆ ಬಿದ್ದ ಆ ಪಟ್ಟಿಯನ್ನು ಅಳಿಸುವುದು ಸಾಧ್ಯವಿಲ್ಲ. ಹಾಗಾಗದಂತೆ ಬೆಳಗಿನ ತಂಪಿನಲ್ಲಿ ಕೆಲಸ ಆರಂಭಿಸುವುದು, ಫ್ಯಾನ್ ನಿಲ್ಲಿಸುವುದು, ಎರಡು ಮೂರು ಅಡಿ ಅಗಲದ ಭಾಗಗಳಲ್ಲಿ ಮುಂದುವರಿಯುವುದು, ಅಂಚನ್ನು ನೇರ ಗೆರೆಯಾಗಿ ಬಿಡದೆ ಮೋಡದ ಅಂಚಿನಂತೆ ಬಿಡುವುದು, ಒಬ್ಬರು ಗ್ಲೇಜ್ ಹಚ್ಚುತ್ತ ಹೋದಂತೆ ಇನ್ನೊಬ್ಬರು ಹಿಂದೆಯೇ ಬಟ್ಟೆಯನ್ನೋ ಕುಂಚವನ್ನೋ ಆಡಿಸುವುದು ಮತ್ತು ಮೂಲೆಯಿಂದ ಮೂಲೆಯವರೆಗೆ ನಡುವೆ ನಿಲ್ಲಿಸದೆ ಒಂದು ಗೋಡೆಯನ್ನು ಮುಗಿಸುವುದು, ಇವು ಕಡ್ಡಾಯವಾದ ಶಿಸ್ತುಗಳು.

ಕಲ್ಲಿನ ಗೆರೆ, ಮರದ ಎಳೆ

ಅಮೃತಶಿಲೆಯ ಅನುಕರಣೆಯಲ್ಲಿ ಕೈಯ ಪಳಗುವಿಕೆಗಿಂತ ಮೊದಲು ಕಣ್ಣಿನ ಪಳಗುವಿಕೆ ಬೇಕು. ಸುಣ್ಣಕಲ್ಲು ಭೂಮಿಯ ಆಳದಲ್ಲಿ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕು ರೂಪಾಂತರಗೊಂಡಾಗ ಅಮೃತಶಿಲೆಯಾಗುತ್ತದೆ. ಅದರಲ್ಲಿ ಸೇರಿದ್ದ ಜೇಡಿ, ಕಬ್ಬಿಣದ ಅಂಶ ಮೊದಲಾದವು ಬೂದು, ಹಳದಿ, ಕೆಂಪು ಬಣ್ಣದ ಗೆರೆಗಳಾಗಿ ಉಳಿಯುತ್ತವೆ. ಈ ಗೆರೆಗಳಿಗೆ ಒಂದು ಸ್ವಭಾವವಿದೆ: ಅವು ಒಟ್ಟಾರೆ ಒಂದೇ ಓರೆ ದಿಕ್ಕಿಗೆ ಹರಿಯುತ್ತವೆ, ನದಿಯಂತೆ ಕವಲೊಡೆದು ಮತ್ತೆ ಕೂಡುತ್ತವೆ, ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ದಾರದಷ್ಟು ಸಣ್ಣಗಾಗಿ ಅಲ್ಲಿಯೇ ಕರಗಿಹೋಗುತ್ತವೆ. ಕಲಿಯುವವರು ಮಾಡುವ ಸಾಮಾನ್ಯ ತಪ್ಪೆಂದರೆ ಮಿಂಚಿನ ಚಿತ್ರದಂತೆ ಚೂಪುಚೂಪಾದ, ಸಮದಪ್ಪದ ಗೆರೆಗಳನ್ನು ಮನಬಂದ ದಿಕ್ಕಿಗೆ ಎಳೆಯುವುದು.

ಒಳ್ಳೆಯ ಕೆಲಸಗಾರ ಬಿಳಿಯ ತಳದ ಮೇಲೆ ತೆಳು ಬೂದು ಗ್ಲೇಜನ್ನು ಓರೆಯಾಗಿ ತೇಪೆ ತೇಪೆಯಾಗಿ ಹಚ್ಚಿ, ಮುದ್ದೆಮಾಡಿದ ಬಟ್ಟೆಯಿಂದ ತಟ್ಟಿ, ಅದು ಹಸಿಯಾಗಿರುವಾಗಲೇ ಹಕ್ಕಿಯ ಗರಿಯನ್ನೋ ಸಣ್ಣ ಕುಂಚವನ್ನೋ ತುದಿಯಲ್ಲಿ ಸಡಿಲವಾಗಿ ಹಿಡಿಯುತ್ತಾನೆ. ಬೆರಳುಗಳ ನಡುವೆ ಅದನ್ನು ಹೊರಳಿಸುತ್ತ, ಕೈ ಸಣ್ಣಗೆ ನಡುಗಲು ಬಿಟ್ಟು ಎಳೆದಾಗ ಗೆರೆ ತಾನಾಗಿಯೇ ದಪ್ಪಸಣ್ಣವಾಗುತ್ತದೆ. ಆಮೇಲೆ ಅತಿ ಮೃದುವಾದ ಒಣ ಕುಂಚವನ್ನು ಮುಟ್ಟಿಯೂ ಮುಟ್ಟದಂತೆ ಗೆರೆಯ ಮೇಲೆ ಆಡಿಸಿದರೆ, ಅದರ ಅಂಚು ಕರಗಿ ಗೆರೆ ಕಲ್ಲಿನೊಳಗೆ ಮುಳುಗಿದಂತೆ ಕಾಣುತ್ತದೆ. ಒಣಗಿದ ಬಳಿಕ ಇನ್ನೊಂದು ಪದರ ಗ್ಲೇಜ್, ಇನ್ನಷ್ಟು ಸಣ್ಣ ಗೆರೆ, ಕೊನೆಗೆ ರಕ್ಷಣೆಗೆ ವಾರ್ನಿಶ್. ಹತ್ತು ಅಡಿ ಎತ್ತರದ ಗೋಡೆಯನ್ನು ಒಂದೇ ಹಲಗೆಯೆಂಬಂತೆ ಮಾಡಿದರೆ ಕಣ್ಣು ನಂಬುವುದಿಲ್ಲವಾದ್ದರಿಂದ, ನಿಜವಾದ ಕಲ್ಲು ಬರುವ ಅಳತೆಗೆ ಗೋಡೆಯನ್ನು ಭಾಗಮಾಡಿ, ಸೇರುವಲ್ಲಿ ಸಣ್ಣ ಸಂದಿನ ಗೆರೆ ಎಳೆದು, ಪ್ರತಿ ಹಲಗೆಯ ಗೆರೆಗಳ ಓಟವನ್ನು ತುಸು ಬೇರೆಯಾಗಿಸುವುದು ಜಾಣತನ.

ಮರದ ಅನುಕರಣೆಗೂ ಇದೇ ನಿಷ್ಠೆ ಬೇಕು. ಮರದ ಅಭಾವ ಮತ್ತು ಗೆದ್ದಲಿನ ಕಾಟದಿಂದಾಗಿ ಕಬ್ಬಿಣದ ಇಲ್ಲವೇ ಸಿಮೆಂಟಿನ ಬಾಗಿಲು ಚೌಕಟ್ಟುಗಳು ಹಳ್ಳಿಗಳಲ್ಲಿಯೂ ರೂಢಿಗೆ ಬಂದಿದ್ದು, ಅವುಗಳಿಗೆ ಸಾಗವಾನಿಯ ಎಳೆ ಮೂಡಿಸುವ ಕೆಲಸಕ್ಕೆ ಬೇಡಿಕೆಯಿದೆ. ಹಳದಿಗಂದು ತಳದ ಮೇಲೆ ಗಾಢ ಕಂದು ಗ್ಲೇಜ್ ಹಚ್ಚಿ, ಹಲ್ಲುಗಳಿರುವ ರಬ್ಬರ್ ಬಾಚಣಿಗೆಯಿಂದ ನೇರ ಎಳೆಗಳನ್ನೂ, ಬಾಗಿದ ರಬ್ಬರ್ ತುಂಡನ್ನು ತೂಗಿಸುತ್ತ ಎಳೆಯುವುದರಿಂದ ಹಲಗೆಯ ನಡುವಿನ ಕಮಾನಿನಾಕಾರದ ಎಳೆಗಳನ್ನೂ ಗಂಟುಗಳನ್ನೂ ತೆಗೆಯುತ್ತಾರೆ. ಚೌಕಟ್ಟಿನ ನಿಲುವಿನಲ್ಲಿ ಎಳೆ ನಿಲುವಾಗಿಯೂ, ಅಡ್ಡಪಟ್ಟಿಯಲ್ಲಿ ಅಡ್ಡವಾಗಿಯೂ ಓಡಬೇಕೆಂಬ ಬಡಗಿಯ ಸಾಮಾನ್ಯ ಜ್ಞಾನವನ್ನು ಬಣ್ಣಗಾರ ಮರೆತರೆ ಬಾಗಿಲು ಎಷ್ಟು ಹೊಳೆದರೂ ಸುಳ್ಳಾಗಿಯೇ ಕಾಣುತ್ತದೆ.

ಇವೆರಡಕ್ಕಿಂತ ಭಿನ್ನವಾದುದು ಸುಣ್ಣದ ನಯಗಾರೆ. ಸುಣ್ಣಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಅಮೃತಶಿಲೆಯ ಪುಡಿಯೊಂದಿಗೆ ಕಲಸಿದ ಗಾರೆಯನ್ನು ಕಾಗದದಷ್ಟು ತೆಳುವಾದ ಹಲವು ಪದರಗಳಲ್ಲಿ ಉಕ್ಕಿನ ಕರಣೆಯಿಂದ ಎಳೆದು, ಒತ್ತಿ ಉಜ್ಜಿ ಹೊಳಪು ತರುವ ಈ ವಿಧಾನಕ್ಕೆ ವೆನಿಸ್ ನಗರದ ಹೆಸರು ಅಂಟಿಕೊಂಡಿದ್ದರೂ, ರಾಜಸ್ಥಾನದ ಆರಾಯಿಶ್ ಗಾರೆ ಇದರ ಭಾರತೀಯ ಬಂಧು. ಇಲ್ಲಿ ಅನುಕರಣೆ ನಿಜಕ್ಕೆ ಬಹಳ ಹತ್ತಿರ ಬರುತ್ತದೆ. ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಮೃತಶಿಲೆಯೂ ಮೂಲತಃ ಅದೇ ದ್ರವ್ಯ.

ಎಚ್ಚರಿಕೆ ಮತ್ತು ಔಚಿತ್ಯ

ಈ ಕೆಲಸದಲ್ಲಿ ಜೀವಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳಿವೆ. ಅಗಸೆ ಎಣ್ಣೆಯ ಗ್ಲೇಜ್ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ, ಎಣ್ಣೆ ಗಾಳಿಯೊಂದಿಗೆ ಕೂಡಿ ಒಣಗುವಾಗ ಹುಟ್ಟುವ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ನೀರಿನಲ್ಲಿ ನೆನೆಹಾಕಬೇಕು ಇಲ್ಲವೇ ಬಯಲಲ್ಲಿ ಬಿಡಿಸಿ ಒಣಗಿಸಬೇಕು. ಎರಡನೆಯದು ಸೀಸ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಹೊರಡಿಸಿತು; ಅದಕ್ಕಿಂತ ಹಿಂದೆ ಹಚ್ಚಿದ ಹಳೆಯ ಎಣ್ಣೆಬಣ್ಣವನ್ನು ಒಣದಾಗಿ ತಿಕ್ಕಿದರೆ ಏಳುವ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು ಮಾಡಬಲ್ಲದು. ಹಳೆಯ ಬಣ್ಣವನ್ನು ನೀರು ಹಚ್ಚಿ ತಿಕ್ಕುವುದು, ಮೂಗುಬಾಯಿಗಳಿಗೆ ಮುಸುಕು ಧರಿಸುವುದು, ಮಕ್ಕಳನ್ನೂ ಬಸುರಿಯರನ್ನೂ ದೂರವಿಡುವುದು ಮನೆಯವರ ಮತ್ತು ಕೆಲಸಗಾರರ ಇಬ್ಬರ ಹೊಣೆ.

ಔಚಿತ್ಯದ ಮಾತನ್ನು ಜಾಮಿ ಮಸೀದಿಯೇ ಹೇಳಿಕೊಡುತ್ತದೆ. ಅಲ್ಲಿನ ಮಿಹ್ರಾಬ್ ಮನಸ್ಸನ್ನು ಹಿಡಿಯುವುದು ಸುತ್ತಲಿನ ವಿಶಾಲವಾದ ಬಿಳಿಯ ಗೋಡೆಗಳು ಮೌನವಾಗಿರುವುದರಿಂದ. ನಾಲ್ಕೂ ಗೋಡೆಗಳಿಗೆ ಅದೇ ಚಿನ್ನ ಬಳಿದಿದ್ದರೆ ಯಾವುದೂ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿಯೂ ಒಂದು ಗೋಡೆ, ಒಂದು ಗೂಡು ಅಥವಾ ದೇವರ ಕೋಣೆಯ ಒಂದು ಬದಿ ಅಲಂಕಾರ ಹೊತ್ತು, ಉಳಿದವು ಸುಮ್ಮನಿದ್ದರೆ ಅದಕ್ಕೆ ಗೌರವ. ಹಾಗೆಯೇ, ಬಣ್ಣದ ಅಂಗಡಿಯ ಪುಸ್ತಕದಲ್ಲಿರುವ ನಮೂನೆಯನ್ನು ಬೆರಳಿಟ್ಟು ತೋರಿಸುವ ಮುನ್ನ, ಎರಡಡಿ ಹಲಗೆಯೊಂದರ ಮೇಲೆ ಮಾದರಿ ಮಾಡಿಸಿ, ಅದನ್ನು ಅದೇ ಕೋಣೆಯಲ್ಲಿ ಹಗಲಿನ ಬೆಳಕಿನಲ್ಲಿಯೂ ರಾತ್ರಿಯ ದೀಪದಲ್ಲಿಯೂ ನೋಡುವುದು ಒಳಿತು.

ಅನುಕರಣ ಲೇಪನವನ್ನು ಮೋಸವೆಂದು ಹೀಗಳೆಯುವವರಿದ್ದಾರೆ. ಆದರೆ ಮಿಹ್ರಾಬಿನ ಚಿತ್ರದ ಪುಸ್ತಕ ಯಾರನ್ನೂ ವಂಚಿಸಿಲ್ಲ. ಅದು ಪುಸ್ತಕವಲ್ಲವೆಂದು ತಿಳಿದ ಮೇಲೂ ನೋಡುಗರ ಸಂತೋಷ ಕುಗ್ಗುವುದಿಲ್ಲ, ಏಕೆಂದರೆ ಆ ಸಂತೋಷಕ್ಕೆ ಕಾರಣ ಅದನ್ನು ಬಿಡಿಸಿದ ಕೈ. ನಿಜವಾದ ವಸ್ತುವನ್ನು ಪ್ರೀತಿಯಿಂದ ನೋಡಿದವನ ಅನುಕರಣೆಯಲ್ಲಿ ಆ ನೋಟ ಉಳಿಯುತ್ತದೆ, ತೇವವನ್ನೂ ಬಿರುಕನ್ನೂ ಮುಚ್ಚಲು ಬಳಿದ ಬಣ್ಣದಲ್ಲಿ ಅವಸರ ಮಾತ್ರ ಉಳಿದು ಎರಡೇ ಮಳೆಗಾಲದಲ್ಲಿ ಉದುರಿಹೋಗುತ್ತದೆ. ಆದ್ದರಿಂದ ವಿಜಯಪುರ, ತಿಕೋಟಾ, ಬಬಲೇಶ್ವರ, ಜೈನಾಪುರದ ಕಡೆ ಮನೆ ಕಟ್ಟಿಸುವವರು ತಮ್ಮ ಬಣ್ಣಗಾರನೊಂದಿಗೆ ಒಂದು ಬಿಡುವಿನ ದಿನ ಜಾಮಿ ಮಸೀದಿಗೂ ಮೆಹತರ್ ಮಹಲಿಗೂ ಹೋಗಿ, ಗೋಡೆಗಳನ್ನು ಮುಟ್ಟದೆ, ಗೀಚದೆ, ಕಣ್ಣು ತುಂಬ ನೋಡಿ ಬರಬೇಕು. ಬಳಿಕ ಅವನು ಗೋಡೆ ಒಣಗಲು, ತಿಕ್ಕಲು, ಮಾದರಿ ಮಾಡಲು ಕೇಳುವ ದಿನಗಳನ್ನೂ ಅದಕ್ಕೆ ತಕ್ಕ ಕೂಲಿಯನ್ನೂ ಮನಸಾರೆ ಕೊಡಬೇಕು.